ತಿಕ್ಕಿಟ್ಟ ಹಿತ್ತಾಳೆ

ಕರದಂಟಿನ ಹಳೆಯ ಡಬ್ಬಿ ಖಾಲಿಯಾಗಿತ್ತು. ಗುಡ್ಡಪ್ಪ ಅದನ್ನು ಬೋರಲು ಹಾಕಿ, ತಳಕ್ಕೆ ಎರಡು ಸಲ ತಟ್ಟಿ, ಮತ್ತೆ ಒಳಗೆ ಇಣುಕಿ ನೋಡಿದ. ಖಾಲಿ ಡಬ್ಬಿಯನ್ನು ಎಷ್ಟು ಸಲ ನೋಡಿದರೂ ಖಾಲಿಯೇ ಎಂಬುದು ಅವನಿಗೂ ಗೊತ್ತಿತ್ತು, ಆದರೂ ಕೈ ಕೇಳಲಿಲ್ಲ. ಹತ್ತು ದಿನದ ಹಿಂದೆ ಅದರಲ್ಲಿ ಒಂದೇ ಒಂದು ಖೋಖಾ ಇಟ್ಟಿದ್ದ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಗೆ ಫೌಜಿನಲ್ಲಿ ಎಲ್ಲರೂ ಖೋಖಾ ಎನ್ನುತ್ತಿದ್ದರು. ನಿವೃತ್ತನಾಗಿ ಹುಕ್ಕೇರಿಗೆ ಬಂದು ಒಂಬತ್ತು ವರ್ಷವಾದರೂ ಅವನ ಬಾಯಲ್ಲಿ ಅದೇ ಉಳಿದಿತ್ತು. ಅದರ ಬುಡದ ಹತ್ತಿರ, ಹೊರಗಿನಿಂದ ನೋಡಿದರೆ ಕೂದಲೆಳೆಯಷ್ಟು ಬೆಳ್ಳಗಿನ ಗೆರೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಇಳಿಸಿ ಗೋಡೆಗುಂಟ ಎಳೆದರೆ ಅದೇ ಜಾಗದಲ್ಲಿ ತಂತಿ ತಡೆಯುತ್ತಿತ್ತು. ಆರೇಳು ಸಲ ಬೆಂಕಿ ಉಂಡು ಉಂಡು ಹಿತ್ತಾಳೆ ಅಲ್ಲಿ ತೆಳ್ಳಗಾಗಿದೆ ಎಂದು ಅದರ ಅರ್ಥ. ಮತ್ತೆ ಮದ್ದು ತುಂಬಿ ಇನ್ನೊಂದು ಸಲ ಹಾರಿಸಿದರೆ ಅಲ್ಲೇ ಹರಿಯಬಹುದು, ಹರಿದರೆ ಬೆಂಕಿಯ ಗಾಳಿ ಮುಂದೆ ಹೋಗುವ ಬದಲು ಹಿಂದಕ್ಕೆ, ರೈಫಲ್ಲಿಗೆ ಕೆನ್ನೆ ಒತ್ತಿ ಮಲಗಿದವರ ಕಣ್ಣಿನ ಕಡೆಗೆ ಬರಬಹುದು. ಅದಕ್ಕೇ ಅದರ ಮೈಮೇಲೆ ಮಾರ್ಕರ್ ಪೆನ್ನಿನಿಂದ ಕರಿ ಕಾಟು ಹೊಡೆದು ಬೇರೆ ಇಟ್ಟಿದ್ದ. ಇವತ್ತು ಮಗಳು ಪೂನಮ್ ಶೂಟಿಂಗ್ ರೇಂಜಿಗೆ ಹೋದ ಮೇಲೆ ಬಿಡುವಾಗಿ ಅದನ್ನು ಲೇತ್ ಅಂಗಡಿಗೆ ಒಯ್ದು ಉದ್ದಕ್ಕೆ ಸೀಳಿಸಿ, ಸಂಜೆ ಅವಳಿಗೆ ಒಳಗಿನ ಗೆರೆ ತೋರಿಸಬೇಕು ಎಂದುಕೊಂಡಿದ್ದ. ಅವಳು ಹೋಗಿ ಇನ್ನೂ ಅರ್ಧ ತಾಸಾಗಿರಲಿಲ್ಲ.

"ಈ ಡಬ್ಬ್ಯಾಗಿಂದು ಎಲ್ಲಿ ಹೋತು?" ಎಂದು ಕೇಳಿದ. ಅಡುಗೆಮನೆಯಿಂದ ಸಾತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಮ್ಯಾಲ ಕರಿ ಕಲಿ ಬಿದ್ದಿತ್ತಲ್ಲ, ಅದೇನ್ರೀ? ಅದನ್ನೂ ತಿಕ್ಕಿದ್ನಿ. ಮಂಗಳಾರ ಹಿತ್ತಾಳಿ ಸಾಮಾನೆಲ್ಲಾ ತಗದಿದ್ನಲ್ಲ, ಅದರ ಜೋಡಿ ಹುಣಸಿಹಣ್ಣ ಹಚ್ಚಿದ್ನಿ. ಕಲಿ ಹೋಗವಲ್ದಾಗಿತ್ತು, ಬೂದಿ ಹಾಕಿ ತಿಕ್ಕಿದ ಮ್ಯಾಲ ಹೋತ ನೋಡ್ರಿ."

"ಆಮ್ಯಾಲ?"

"ಆಮ್ಯಾಲೇನ? ಮಾಳಗಿ ಮ್ಯಾಲ ನಿಮ್ಮ ಪರಾತದಾಗ ಉಳದವು ಒಣಗಾಕ ಹಾಕಿದ್ರಲ್ಲ, ಅದರಾಗ ಇಟ್ನಿ. ಒಂದ ಯಾಕ ಬ್ಯಾರೆ ಇರಬೇಕು ಪಾಪ."

ಬೈಯುವ ಹಾಗೂ ಇರಲಿಲ್ಲ. ಈ ಮನೆಯಲ್ಲಿ ಹಿತ್ತಾಳೆ ಕರ್ರಗಿರುವುದನ್ನು ಸಾತವ್ವ ಸಹಿಸುವುದಿಲ್ಲ ಎಂಬುದು ಅವನಿಗೆ ಮದುವೆಯಾದ ವರ್ಷದಿಂದ ಗೊತ್ತು. ಮೂಡಲಗಿಯ ತವರಿನಲ್ಲಿ ಅವಳಿಗೆ ಇದ್ದದ್ದು ಜರ್ಮನ್ ಎನ್ನುವ ಅಲ್ಯೂಮಿನಿಯಂ ಪಾತ್ರೆಗಳು; ಹಿತ್ತಾಳೆಯ ಕೊಡ ಗೌಡರ ಮನೆಯ ಕಟ್ಟೆಯ ಮೇಲೆ ಇರುತ್ತಿತ್ತು, ಅದನ್ನು ಇವಳ ಅವ್ವ ಮುಟ್ಟುವಂತಿರಲಿಲ್ಲ, ದೂರದಲ್ಲಿ ಬೊಗಸೆ ಒಡ್ಡಿ ನಿಲ್ಲಬೇಕಿತ್ತು. ಗುಡ್ಡಪ್ಪನ ಮೊದಲನೆಯ ಪಗಾರದಲ್ಲಿ ಅವಳು ಕೇಳಿದ್ದು ಸೀರೆಯಲ್ಲ, ಹಿತ್ತಾಳೆಯ ಕೊಡ. ಈಗ ಬುದ್ಧನ, ಬಾಬಾಸಾಹೇಬರ ಫೋಟೋದ ಮುಂದಿನ ದೀಪದಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲ ಹಿತ್ತಾಳೆ, ಎಲ್ಲ ಹದಿನೈದು ದಿನಕ್ಕೊಮ್ಮೆ ತಿಕ್ಕಿಸಿಕೊಳ್ಳಲೇಬೇಕು. ಅಂಥವಳ ಕಣ್ಣೆದುರಿಗೆ ಕರಿ ಕಾಟು ಹೊಡೆದ ಹಿತ್ತಾಳೆ ಇಟ್ಟದ್ದು ತನ್ನದೇ ತಪ್ಪು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಇಪ್ಪತ್ತೆರಡು ವರ್ಷ ಫೌಜಿನ ರೈಫಲ್ ರಿಪೇರಿ ಖೋಲಿಯಲ್ಲಿ ಹೇಳುತ್ತಾ ಬಂದವನಿಗೆ ತನ್ನ ಮನೆಯ ಪರಾತದ ತಟ್ಟೆಯಲ್ಲಿ ಹೊಳೆದದ್ದೆಲ್ಲ ಒಳ್ಳೆಯದಾಗಿಯೇ ಕಂಡಿತ್ತು.

ಲೆಕ್ಕ ಹಾಕಿದ. ಮಂಗಳವಾರ ಇವಳು ತಿಕ್ಕಿದ್ದು. ಬುಧವಾರ ಪರಾತ ಇಳಿಸಿಕೊಂಡು ತಾನು ಕೂತದ್ದು. ಶನಿವಾರ ಅದರಲ್ಲಿ ಐವತ್ತನ್ನು ಕಾಡತೂಸು ಮಾಡಿ ಮುಗಿಸಿದ್ದು. ಇವತ್ತು ಭಾನುವಾರ, ಆ ಐವತ್ತೂ ಪೂನಮ್‌ಳ ಚೀಲದಲ್ಲಿ. ಪರಾತದಲ್ಲಿ ಉಳಿದ ಆರು ಖೋಖಾಗಳನ್ನು ಒಂದೊಂದಾಗಿ ತಂತಿ ಹಾಕಿ ನೋಡಿದ. ಆರೂ ಒಳಗೆ ನುಣ್ಣಗಿದ್ದವು. ಅವುಗಳಲ್ಲೊಂದರಲ್ಲಿ ತಂತಿ ತಡೆಯಲಿ ಎಂದು ಅವನು ಅಷ್ಟು ದೀನನಾಗಿ ಹಿಂದೆ ಯಾವತ್ತೂ ಬೇಡಿಕೊಂಡಿರಲಿಲ್ಲ.

ಬುಧವಾರದ ಮಧ್ಯಾಹ್ನ ಕೈಗೆ ನೆನಪಾಯಿತು. ಹಾರಿದ ಖೋಖಾ ಉಬ್ಬಿರುತ್ತದೆ, ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಒತ್ತುವ ಮುಂಚೆ ಮೈಗೆ ಜಿಡ್ಡು ಸವರಬೇಕು. ಅವನು ಸವರುವುದು ಕುರಿಯ ಉಣ್ಣೆಯ ಜಿಡ್ಡು. ಡಬ್ಬಿ ತೆರೆದರೆ ತೋಯ್ದ ಕಂಬಳಿಯ ವಾಸನೆ. ಎರಡು ಬೆರಳ ನಡುವೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು. ಕಡಿಮೆಯಾದರೆ ಖೋಖಾ ಅಚ್ಚಿನಲ್ಲೇ ಕಚ್ಚಿಕೊಂಡು ಜಪ್ಪಯ್ಯ ಅಂದರೂ ಬಿಡುವುದಿಲ್ಲ, ಹೆಚ್ಚಾದರೆ ಖೋಖಾ ಸಣ್ಣದಾಗುವ ಹೆಗಲಿನ ಮೇಲೆ ಕುಳಿ ಬೀಳುತ್ತದೆ. ಎಷ್ಟು ಅಂದರೆ ಎಷ್ಟು ಎಂದು ಪೂನಮ್ ಮೊದಲ ದಿನ ಕೇಳಿದಾಗ, "ಕೂಸಿನ ತಲಿಗೆ ಎಣ್ಣಿ ಹಚ್ಚಿದಂಗ" ಎಂದಿದ್ದ. ಮೂರು ವರ್ಷದಿಂದ ಹೀಗೆ ನಡೆದಿದೆ. ಅವಳು ಮುನ್ನೂರು ಮೀಟರಿನ ರೈಫಲ್ ಸ್ಪರ್ಧೆಗೆ ಇಳಿದಾಗಿನಿಂದ, ಪರವಾನಗಿಯ ಕಾಗದ ಗೋಡೆಗೆ ತೂಗುಹಾಕಿಕೊಂಡು, ಮೂಲೆಯ ಖೋಲಿಯಲ್ಲಿ ಪ್ರೆಸ್ಸು ಬಿಗಿದು, ಅಪ್ಪ ಮಾಡುತ್ತಾನೆ, ಮಗಳು ಹಾರಿಸುತ್ತಾಳೆ. ಅವತ್ತು ಹಿಡಿಕೆ ಒತ್ತುತ್ತಿದ್ದಾಗ ಒಂದು ಖೋಖಾ ಉಳಿದವುಗಳ ಹಾಗೆ ಹೋಗಲಿಲ್ಲ. ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಅಂಗೈಗೆ ಏನೋ ಬೇರೆ ಅನಿಸಿತು, ಅಷ್ಟೆ. ನಿಲ್ಲಿಸಿ ನೋಡಬೇಕಿತ್ತು. ಆದರೆ ಅದೇ ಹೊತ್ತಿಗೆ ಪೂನಮ್ ಬಾಗಿಲಲ್ಲಿ ನಿಂತು, "ಅಪ್ಪಾ, ಆದ ಮ್ಯಾಲ ಜಿಡ್ಡ ಪೂರಾ ಒರಸ್ತೀ ಹೌದಲ್ಲೋ? ತಂತಿ ನಾ ಹಾಕಿ ನೋಡ್ಲೇನು?" ಎಂದು ಕೇಳಿದ್ದಳು.

ಪ್ರತಿ ಸಲವೂ ಅವಳೇ ತಂತಿ ಹಾಕಿ ನೋಡುತ್ತಿದ್ದಳು, ಹೊಸದೇನಲ್ಲ. ಆದರೆ ಅವತ್ತು ಅವನಿಗೆ ಎಲ್ಲಿತ್ತೋ ಸಿಟ್ಟು ಬಂತು. "ಯಾಕ, ನನ್ನ ಕೈ ಮ್ಯಾಲ ನಂಬಿಕಿ ಹೋತೇನು? ನೀ ಹುಟ್ಟೂಕಿಂತ ಮದಲ ರೈಫಲ್ ಬಿಚ್ಚಿ ಕೂಡಸೂದು ಕಲತಾಂವ ನಾ. ಈ ಸಲ ತಂತಿ-ಗಿಂತಿ ಏನೂ ಬ್ಯಾಡ, ನಾ ನೋಡೀನಿ," ಎಂದುಬಿಟ್ಟ. ನೋಡಿರಲಿಲ್ಲ. ನೋಡೇನು ಅಂದುಕೊಂಡಿದ್ದ. ಅವಳು ಒಳಗೆ ಹೋದಳು. ಮರುದಿನ ಸಾತವ್ವನ ತಮ್ಮನ ಹೊಸ ಮನೆಯ ಕಾರ್ಯಕ್ಕೆಂದು ಗಂಡ ಹೆಂಡತಿ ಮೂಡಲಗಿಗೆ ಹೋದರು, ಊಟ ಉಂಡರು, ಮಾತಾಡಿದರು, ತಂತಿ ಮರೆತೇಹೋಯಿತು. ಆ ಸಿಟ್ಟಿನ ಬೇರು ಎಲ್ಲಿತ್ತು ಎಂದು ಈಗ ಬಸ್‌ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕುತ್ತಾ ಯೋಚಿಸಿದರೆ, ಅದು ಪೂನಮ್‌ಳದ್ದಾಗಿರಲಿಲ್ಲ. ಹೋದ ತಿಂಗಳು ರೇಂಜಿನಲ್ಲಿ ಶೂಟಿಂಗ್ ಸಂಘದ ಕಾರ್ಯದರ್ಶಿ ಸೋಮಶೇಖರ ಅವಳ ಕಾಡತೂಸೊಂದನ್ನು ಕೈಗೆತ್ತಿಕೊಂಡು ಮೂಸಿ, "ಏನ್ರಿ ಗುಡ್ಡಪ್ಪ, ಕುರಿ ವಾಸನಿ ಬರಾಕತ್ತೈತಲ್ಲ" ಎಂದು ನಕ್ಕು, ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡಿದ್ದ. ಒಂದೊಂದೇ ಬೆರಳು. ಒರೆಸಿಕೊಂಡದ್ದು ಜಿಡ್ಡನ್ನೋ, ಜಿಡ್ಡಿನ ಹಿಂದಿದ್ದ ಕೈಯನ್ನೋ ಗುಡ್ಡಪ್ಪನಿಗೆ ತಿಳಿಯಲಿಲ್ಲ. ಜಿಡ್ಡನ್ನೇ ಇದ್ದೀತು; ಸೋಮಶೇಖರ ಕೆಟ್ಟವನಲ್ಲ, ಹೊರಗಿನಿಂದ ತರಿಸಿದ ಕಾಡತೂಸನ್ನು ಮುಟ್ಟಿದ ಮೇಲೂ ಹಾಗೇ ಒರೆಸುತ್ತಾನೋ ಏನೋ. ತಿಳಿಯದೆ ಇದ್ದದ್ದೇ ಮುಳ್ಳಾಗಿ ಒಳಗೆ ಉಳಿದಿತ್ತು, ಬುಧವಾರ ಮಗಳ ಮೇಲೆ ಹೊರಬಿತ್ತು.

ಪೂನಮ್‌ಗೆ ಫೋನು ಮಾಡಿದ, ಸ್ವಿಚ್ ಆಫ್. ರೇಂಜಿನ ದಿನ ಅವಳು ಮನೆಯಿಂದಲೇ ಬಂದ್ ಮಾಡಿಕೊಂಡು ಹೋಗುತ್ತಾಳೆ, ಮನಸ್ಸು ಚದುರಬಾರದು ಎಂದು. ಇನ್ನುಳಿದದ್ದು ಸೋಮಶೇಖರನ ನಂಬರು. ಒತ್ತಿದ. ಅತ್ತ ಒಂದು ಸಲ ರಿಂಗಾಯಿತು. ಏನು ಹೇಳುವುದು? ನಮ್ಮ ಮನೆಯವರು ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟರು ಎಂದೇ? ನಾನು ಎಲ್ಲ ನೋಡಿದ್ದೇನೆ ಎಂದು ಮಗಳಿಗೆ ಸುಳ್ಳು ಹೇಳಿದೆ ಎಂದೇ? ಆ ಕರವಸ್ತ್ರ ಮತ್ತೆ ಜೇಬಿನಿಂದ ಹೊರಬರುವುದು ಕಣ್ಣಿಗೆ ಕಟ್ಟಿತು. ಎರಡನೆಯ ರಿಂಗಿಗೆ ಮುಂಚೆ ಕಟ್ ಮಾಡಿದ. ಮುಖತಃ ಹೇಳುವುದೇ ಚಲೋ, ಹತ್ತಕ್ಕೆ ಶುರು, ಹೇಗಾದರೂ ಮುಟ್ಟುತ್ತೇನೆ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಗೋಕಾಕದ ಬಸ್ಸು ಹತ್ತಿದ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯಾಯಿತು.

ಕಬ್ಬಿನ ಹಂಗಾಮು. ಬಸ್ಸಿನ ಮುಂದೆ ಎರಡೆರಡು ಟ್ರೇಲರು ಎಳೆದುಕೊಂಡು ಟ್ರ್ಯಾಕ್ಟರುಗಳು, ಟೇಪಿನಲ್ಲಿ ಕಿವಿ ಕಿತ್ತುಹೋಗುವಂಥ ಹಾಡು, ಡ್ರೈವರ್ ಹಾರ್ನು ಹೊಡೆದೂ ಹೊಡೆದೂ ಸಾಕಾಗಿ ಬೀಡಿ ಹಚ್ಚಿದ. ಗುಡ್ಡಪ್ಪನ ಕಾಲು ತಾನಾಗಿಯೇ ಬಸ್ಸಿನ ನೆಲವನ್ನು ಒತ್ತುತ್ತಿತ್ತು, ಅವನೇ ಬಸ್ಸು ಓಡಿಸುತ್ತಿರುವ ಹಾಗೆ. ಆದರೆ ಘಟಪ್ರಭಾ ದಾಟುವ ಹೊತ್ತಿಗೆ ಒಳಗಿನಿಂದ ಇನ್ನೊಂದು ದನಿ ಎದ್ದದ್ದು ಅವನಿಗೆ ಕೇಳಿಸಿತು: ತಡವಾಗಲಿ. ಇನ್ನೂ ಒಂದು ಟ್ರ್ಯಾಕ್ಟರು ಅಡ್ಡ ಬರಲಿ. ನೀನು ಮುಟ್ಟುವಷ್ಟರಲ್ಲಿ ಐವತ್ತೂ ಹಾರಿ ಮುಗಿದಿರಲಿ, ಏನೂ ಆಗದೆ. ಐವತ್ತರಲ್ಲಿ ಒಂದು, ಅದೂ ಹರಿದೇ ಹರಿಯುತ್ತದೆ ಎಂದೇನಿಲ್ಲ. ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ, ಮಗಳನ್ನು ಕರೆದುಕೊಂಡು ಗೋಕಾಕದಲ್ಲಿ ಚಹಾ ಕುಡಿದು ಮನೆಗೆ ಹೋಗಬಹುದು. ಈ ದನಿ ಅವನಿಗೆ ಪರಿಚಯದ್ದೇ. ಹದಿನಾಲ್ಕು ವರ್ಷದ ಹಿಂದೆ ಲಖನ, ಅವನ ಕೈಕೆಳಗಿನ ಸಿಪಾಯಿ, ರಿಪೇರಿಗೆ ಬಂದ ರೈಫಲ್ಲಿನ ಬೋಲ್ಟನ್ನು ಬೆಳಕಿಗೆ ಹಿಡಿದು, "ಉಸ್ತಾದ, ಇಲ್ಲಿ ಬಿರುಕಿನಂಗ ಕಾಣತೈತಿ, ಇನ್ನೊಮ್ಮೆ ನೋಡ್ಲ್ಯಾ?" ಎಂದಿದ್ದ. "ನಾ ನೋಡೀನಿ, ಸಹಿ ಹಾಕು," ಎಂದಿದ್ದ ಗುಡ್ಡಪ್ಪ. ಮೂರನೆಯ ದಿನ ಆ ಬೋಲ್ಟು ಒಡೆದು ಒಬ್ಬನ ಕೆನ್ನೆ ಸೀಳಿತು. ವಿಚಾರಣೆಯಲ್ಲಿ ಸಾಹೇಬರು ಕೇಳಿದ್ದು ರಿಜಿಸ್ಟರಿನಲ್ಲಿ ಯಾರ ಸಹಿ ಎಂದು. ಲಖನನದ್ದು. ಲಖನ ಒಮ್ಮೆ ಗುಡ್ಡಪ್ಪನ ಕಡೆ ನೋಡಿದ, ಗುಡ್ಡಪ್ಪ ತನ್ನ ಬೂಟಿನ ಕಡೆ ನೋಡಿಕೊಂಡ. ಆ ವರ್ಷದ ಲಖನನ ಬಡ್ತಿ ಹೋಯಿತು. ಅವನು ಆಮೇಲೆ ಒಂದು ಮಾತೂ ಆಡಲಿಲ್ಲ, ಗುಡ್ಡಪ್ಪನ ನಿವೃತ್ತಿಯ ದಿನ ಸ್ಟೇಶನ್ನಿನವರೆಗೆ ಟ್ರಂಕು ಹೊತ್ತು ತಂದುಕೊಟ್ಟವನೂ ಅವನೇ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಕೊಣ್ಣೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮತ್ತೆ ಸೋಮಶೇಖರನಿಗೆ ಫೋನು ಹಚ್ಚಿದ, ಈ ಸಲ ಖರೇನೇ ಹೇಳುವುದೆಂದು. ಆ ನಂಬರೂ ಬಂದ್ ಆಗಿತ್ತು. ಗಂಟೆ ಹತ್ತೂ ಐದು. ಬೆಳಿಗ್ಗೆ ಒಂದು ರಿಂಗಿಗೆ ಕಟ್ ಮಾಡಿದ ತನ್ನ ಹೆಬ್ಬೆರಳನ್ನು ಗುಡ್ಡಪ್ಪ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಜಿಡ್ಡಿತ್ತು.

ಗೋಕಾಕಕ್ಕೆ ಮುಂಚೆಯೇ ರೇಂಜಿರುವ ಗುಡ್ಡದ ಬುಡದಲ್ಲಿ ಇಳಿದು, ಕಾಲುದಾರಿಯಲ್ಲಿ ಐವತ್ತೆಂಟರ ಮೊಣಕಾಲು ಓಡಿಸುವಷ್ಟು ಓಡಿದ. ಕಲ್ಲುಗೋಡೆಯ ಆಚೆ ಕಂಬದ ಮೇಲೆ ಕೆಂಪು ಬಾವುಟ ಏರಿತ್ತು. ಬಾವುಟ ಏರಿದ್ದರೆ ಯಾರೂ ಒಳಗೆ ಹೋಗುವಂತಿಲ್ಲ. ಒಂದು ಗುಂಡಿನ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬಾಗಿಲ ಕಾವಲಿನ ಲಕ್ಕಪ್ಪ ಗುರುತಿನವನೇ. "ಬರ್ರಿ ಹವಾಲ್ದಾರ್ರ, ಮಗಳು ನಾಕನೇ ನಂಬರಿನ್ಯಾಗ ಮಲಗ್ಯಾಳ. ಭಾಳ ಚಂದ ಹೊಡ್ಯಾಕತ್ತಾಳ ಅಂತ. ಕುಂದರ್ರಿ, ಚಾ ತರಸ್ತೇನಿ," ಎಂದ. ಗುಡ್ಡಪ್ಪನಿಗೆ ಕುರ್ಚಿ ಕಾಣಿಸಿತು, ಬೇವಿನ ನೆರಳಿತ್ತು. ಎಂಟು ಜನ ಹೊಡೆಯುತ್ತಿದ್ದರು. ಯಾವ ಸದ್ದು ಯಾರದ್ದೆಂದು ಹೇಳುವ ಹಾಗಿರಲಿಲ್ಲ. ಆದರೂ ಪ್ರತಿ ಸದ್ದಿನ ನಂತರ ಅವನು ಇನ್ನೊಂದು ಸದ್ದಿಗೆ ಕಾದ, ಚೀರುವ ಸದ್ದಿಗೆ. ಬರಲಿಲ್ಲ. ಮತ್ತೊಂದು ಗುಂಡು. ಬರಲಿಲ್ಲ. ಹೀಗೇ ಕುಳಿತು ಎಣಿಸುತ್ತಾ ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ, ಬೂಟು ನೋಡಿಕೊಂಡು ಕೂತರಾಯಿತು.

"ಲಕ್ಕಪ್ಪಾ, ಫೈರಿಂಗ್ ನಿಂದರಸು."

"ಏನಂದ್ರಿ?"

"ನಿಂದರಸಾಕ ಹೇಳು ಸಾಹೇಬರಿಗೆ. ಈಗಿಂದೀಗ. ನನ್ನ ಮಗಳ ಕಾಡತೂಸಿನ್ಯಾಗ ಒಂದು ಕೆಟ್ಟದ್ದೈತಿ. ನಾನ ಮಾಡಿದ್ದು."

ತನ್ನ ದನಿ ಅಷ್ಟು ಗಟ್ಟಿಯಾಗಿ ಹೊರಬಿದ್ದದ್ದು ಕೇಳಿ ಅವನಿಗೇ ಅಚ್ಚರಿಯಾಯಿತು. ಲಕ್ಕಪ್ಪ ಕೊರಳಲ್ಲಿದ್ದ ಸೀಟಿ ಊದಿದ, ಒಳಗೆ ಇನ್ನೊಂದು ಸೀಟಿ ಕೂಗಿತು, ಯಾರೋ "ಸ್ಟಾಪ್, ಸ್ಟಾಪ್" ಎಂದು ಕೂಗಿದರು. ಆಮೇಲೆ ಬಿದ್ದ ಮೌನದಲ್ಲಿ ಗುಡ್ಡದ ಮೇಲಿನ ಕುರಿಗಳ ಗಂಟೆ ಕೇಳಿಸಿತು. ಬಾವುಟ ಇಳಿಯಿತು. ಗುಡ್ಡಪ್ಪ ಒಳಗೆ ನಡೆದು ಹೋದಾಗ ಎಂಟು ಚಾಪೆಗಳಿಂದ ಎಂಟು ಜನ ಎದ್ದು ಅವನನ್ನೇ ನೋಡುತ್ತಿದ್ದರು, ಹಿಂದೆ ಕುರ್ಚಿಗಳಲ್ಲಿ ಕೂತ ಅಪ್ಪಂದಿರು, ಅಣ್ಣಂದಿರು, ಬಿಳಿ ಟೊಪ್ಪಿಗೆಯ ಸೋಮಶೇಖರ, ಎಲ್ಲರೂ. ನಡೆಯಬೇಕಾದದ್ದು ಇಪ್ಪತ್ತು ಹೆಜ್ಜೆ. ಪೂನಮ್‌ಳ ಎರಡೂ ಕಣ್ಣು ನೆಟ್ಟಗಿದ್ದವು. ಅದೊಂದನ್ನು ಕಂಡ ಮೇಲೆ ಉಳಿದ ಹೆಜ್ಜೆ ಸಲೀಸಾಯಿತು.

ಎಲ್ಲರ ಮುಂದೆಯೇ ಹೇಳಿದ. ಕರಿ ಕಾಟು ಹೊಡೆದದ್ದು, ಸಾತವ್ವ ತಿಕ್ಕಿದ್ದು, ಅದು ಒಳ್ಳೆಯದರ ಜೊತೆ ಸೇರಿದ್ದು, ಕೈಗೆ ಬೇರೆ ಅನಿಸಿದರೂ ತಾನು ನಿಲ್ಲಿಸದೆ ಇದ್ದದ್ದು. ತಂತಿ ಹಾಕಿ ನೋಡಿದ್ದೇನೆ ಎಂದದ್ದು ಸುಳ್ಳು ಎಂಬುದನ್ನು ಕೊನೆಗೆ ಹೇಳಿದ. "ಅಕಿ ನೋಡ್ತೇನಿ ಅಂದಿದ್ಳು. ನಾನ ಬ್ಯಾಡಂದೆ. ತಪ್ಪು ನಂದು, ಅಕೀದಲ್ಲ," ಎಂದು ಎರಡು ಸಲ ಹೇಳಿದ, ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿ ಎಂಬಂತೆ. ಹಿಂದಿನಿಂದ ಯಾರೋ ನಕ್ಕರು. "ಹುಣಸಿಹಣ್ಣಂತ" ಎಂದು ಇನ್ನೊಬ್ಬರು ಪಿಸುಗುಟ್ಟಿದರು. ಸೋಮಶೇಖರ ನಗಲಿಲ್ಲ.

ಪೂನಮ್ ಕೂಡ ನಗಲಿಲ್ಲ. ಬಗ್ಗಿ ತನ್ನ ಚೀಲದ ಬದಿಯ ಜೇಬಿನ ಜಿಪ್ಪು ಎಳೆದು, ಕಾಗದದಲ್ಲಿ ಸುತ್ತಿದ ಒಂದು ಖೋಖಾ ತೆಗೆದಳು. ಫಳಫಳ ಹೊಳೆಯುತ್ತಿದ್ದ ಅದರ ಮೈಮೇಲೆ ಹೊಸದಾಗಿ ಕರಿ ಕಾಟು.

"ನೀವು ಮೂಡಲಗಿಗೆ ಹೋಗಿದ್ರಲ್ಲ ಗುರುವಾರ, ಅವತ್ತ ಎಲ್ಲಾ ನೋಡಿದ್ನಿ ಅಪ್ಪಾ. ತಂತಿ ಹಾಕಿ. ಇದೊಂದ ಸಿಕ್ತು, ತಗದಿಟ್ನಿ."

"ಮತ್ತ ಹೇಳಲಿಲ್ಲ ಯಾಕ?"

ಅವಳು ಚಪ್ಪಲಿಯ ತುದಿಯಿಂದ ಚಾಪೆಯ ಅಂಚು ತಿದ್ದಿದಳು. "ನೀ ಬ್ಯಾಸರಾ ಮಾಡ್ಕೋತಿದ್ದಿ. ನಂಬಿಕಿ ಇಲ್ಲೇನು ಅಂತ ಕೇಳಿದ್ಯಲ್ಲ, ಏನ ಹೇಳ್ಲಿ? ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಗುಡ್ಡಪ್ಪ ಜೇಬಿನಲ್ಲಿದ್ದ ತಂತಿಯನ್ನು ತೆಗೆದು ಖೋಖಾದೊಳಗೆ ಇಳಿಸಿ ಬುಡದಿಂದ ಮೇಲಕ್ಕೆ ಎಳೆದ. ತಡೆಯಿತು. ಇನ್ನೊಮ್ಮೆ ಎಳೆದ. ಅದೇ ಜಾಗ, ಅದೇ ಗೆರೆ. ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟ. ಎಷ್ಟು ಚಲೋ ಅನಿಸಿತೆಂದರೆ ಅಳು ಬಂತು, ಅಷ್ಟು ಜನರೆದುರು ಅಳುವುದಕ್ಕೆ ನಾಚಿಕೆಯೂ ಆಗಲಿಲ್ಲ. ಮಗಳು ತನ್ನ ಮಾತು ಮೀರಿದ್ದಾಳೆ. ಬೆನ್ನ ಹಿಂದೆ ತನ್ನ ಕೆಲಸವನ್ನು ಸೋಸಿ ನೋಡಿದ್ದಾಳೆ. ನಿನ್ನೆ ಗೊತ್ತಾಗಿದ್ದರೆ ಮನೆ ತಲೆಮೇಲೆ ಮಾಡುತ್ತಿದ್ದ. ಇವತ್ತು ಅವಳ ಕಾಲು ಮುಟ್ಟಬೇಕೆನಿಸಿತು. ಲಖನನೂ ಹೀಗೇ ಮಾತು ಮೀರಿ ಇನ್ನೊಮ್ಮೆ ನೋಡಿಬಿಟ್ಟಿದ್ದರೆ! ಆದರೆ ಅವನು ಸಿಪಾಯಿ, ಉಸ್ತಾದನ ಮಾತು ಕೇಳಿದ, ಅದರ ಫಲ ಉಂಡ.

ಸೋಮಶೇಖರ ಕೈ ಚಾಚಿದ. "ಕೊಡ್ರಿಲ್ಲಿ, ನಾನೂ ನೋಡ್ತೇನಿ." ತಂತಿ ಇಳಿಸಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿಕೊಂಡು ಎಳೆದ. "ಖರೇನ ಐತ್ರಿ. ನಮ್ಮ ಮಂದಿ ಹೊರಗಿಂದ ತರಿಸಿದ್ದರಾಗ ಇಂಥಾದ್ದಿದ್ರ ಯಾರ ನೋಡ್ತಿದ್ರು," ಎಂದ, ಹಿಂದೆ ನಕ್ಕವರಿಗೂ ಕೇಳುವ ಹಾಗೆ. ಆಮೇಲೆ, "ಹೇಳಾಕ ಬಂದ್ರಲ್ಲ, ಭಾಳ ಚಲೋ ಮಾಡಿದ್ರಿ. ಅಕಿಗೆ ಹೋದ ಟೈಮ್ ಕೊಡೂನು," ಎಂದು ಸೀಟಿ ಬಾಯಿಗಿಟ್ಟುಕೊಂಡ. ಅವನು ಬೆರಳು ಒರೆಸಿಕೊಂಡನೋ ಇಲ್ಲವೋ, ನೋಡುವುದು ಗುಡ್ಡಪ್ಪನಿಗೆ ಮರೆತೇ ಹೋಯಿತು.

ಬಾವುಟ ಮತ್ತೆ ಏರಿತು. ಗುಡ್ಡಪ್ಪ ಬೇವಿನ ನೆರಳಿಗೆ ಬಂದು ಕೂತ, ಲಕ್ಕಪ್ಪ ತರಿಸಿದ ಚಹಾ ಆರಿಹೋಗಿತ್ತು, ಆದರೂ ಕುಡಿದ, ಬೆಲ್ಲದ ಚಹಾ. ಗುಂಡುಗಳು ಹಾರುತ್ತಿದ್ದವು, ಎಣಿಸಲಿಲ್ಲ. ಮನೆಗೆ ಹೋದ ಕೂಡಲೇ ಟ್ರಂಕಿನ ತಳದಲ್ಲಿರುವ ಹಳೆಯ ಡೈರಿಯಲ್ಲಿ ಲಖನನ ಊರಿನ ವಿಳಾಸ ಹುಡುಕಬೇಕು. ಸಿಕ್ಕರೆ ಏನು ಬರೆಯುವುದೋ ಗೊತ್ತಿಲ್ಲ, ಆದರೆ ಹೇಳುವುದು ಇಷ್ಟು ಸುಲಭವಿದೆ ಎಂದು ಹದಿನಾಲ್ಕು ವರ್ಷ ತಿಳಿದಿರಲಿಲ್ಲ. ಫೋನು ಬಡಿದುಕೊಂಡಿತು. ಸಾತವ್ವ. ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುತ್ತಾ ಎರಡೇ ಮಾತಿನಲ್ಲಿ ವಿಷಯ ಹೇಳಿ ಓಡಿಬಂದಿದ್ದ. ಅಲ್ಲಿಂದೀಚೆಗೆ ಅವಳು ಒಲೆಯ ಮುಂದೆ ಅತ್ತಿದ್ದಾಳೆ ಎಂಬುದು ಮೂಗಿನ ದನಿಯಲ್ಲೇ ಗೊತ್ತಾಯಿತು.

"ಏನಾತ್ರೀ? ಕೂಸು ಹೆಂಗೈತಿ? ನನ್ನ ಕೈಗೆ ಬೆಂಕಿ ಹಚ್ಚಲಿ, ನಾ ಯಾಕ ತಿಕ್ಕಾಕ ಹೋದ್ನಿ..."

"ಸಾತವ್ವಾ," ಎಂದ ಗುಡ್ಡಪ್ಪ. ನಗು ಬಂದು ಮಾತು ತಡೆಯಿತು. "ಮಗಳು ನನ್ನ ನಂಬೇ ಇಲ್ಲ ನೋಡು."

"ಅಂದ್ರ?"

"ಅಂದ್ರ ಎಲ್ಲಾ ಚಲೋ ಐತಿ."